ಮೂಗಿನ ನ್ಯಾಯ

ಈ ಸಲ ನಾವು ಬರೆಯಹೊರಟಿರುವುದು ನಾತದ ಬಗ್ಗೆ. ಹಸಿ ಮಾಂಸದ ನಾತ, ಅದಕ್ಕೆ ಮುತ್ತುವ ನೊಣ, ಅದನ್ನು ಬಳಿದು ತೊಳೆಯುವ ಕೈ. ಇದೂ ಒಂದು ವಿಚಾರವೇ ಎಂದು ಮೂಗು ಮುರಿಯುವವರು ಮುರಿಯಲಿ. ಮೂಗು ಮುರಿಯುವುದನ್ನೇ ಧರ್ಮ ಮಾಡಿಕೊಂಡ ನಾಡಿನಲ್ಲಿ ಮೂಗಿನ ಮೇಲೆ ಒಂದು ವಿಚಾರಣೆ ಯಾವತ್ತೋ ನಡೆಯಬೇಕಾಗಿತ್ತು.

ಮೊದಲು ಒಂದು ಪ್ರಾಣಿಯ ಕಥೆ. ನಮ್ಮ ಕೇರಿಯ ಹುಡುಗನೊಬ್ಬ, ನಮ್ಮ ಜೊತೆ ಒಂದೇ ಹಾಸ್ಟೆಲಿನ ನೀರು ಸಾರು ಉಂಡವನು, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಶೆಫೀಲ್ಡ್‌ಗೆ ಓದಲು ಹೋಗಿದ್ದಾನೆ. ಅಲ್ಲಿ ಹಳೇ ಕಲ್ಲಿದ್ದಲು ಗಣಿಗಳಿದ್ದ ಕಡೆ, ಗಣಿ ಕೆಲಸಗಾರನೊಬ್ಬನ ಹೆಂಡತಿ, ಗಂಡ ಸತ್ತ ಮುದುಕಿ, ತನ್ನ ಮಹಡಿ ಮೇಲಿನ ಒಂದು ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟಿದ್ದಾಳೆ. ಆಕೆ ಎರಡು ಫೆರೆಟ್ ಸಾಕಿದ್ದಾಳೆ.

ಫೆರೆಟ್ ಅಂದರೆ ನಮ್ಮ ಕಡೆಯವರಿಗೆ ಗೊತ್ತಾಗುವುದಿಲ್ಲ. ನೋಡಲು ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು. ಬಳಗ ಮಾತ್ರ ನೀರುನಾಯಿಯದು. ಎರಡು ಸಾವಿರ ವರ್ಷದಿಂದ ಯುರೋಪಿನ ಜನ ಅದನ್ನು ಸಾಕುತ್ತ ಬಂದಿದ್ದಾರೆ. ಮೊಲದ ಬಿಲಕ್ಕೆ ನುಗ್ಗಿ ಮೊಲವನ್ನು ಹೊರಕ್ಕೆ ಓಡಿಸುವುದು ಅದರ ಕಸುಬು. ಯಾರ್ಕ್‌ಷೈರಿನ ಗಣಿ ಕೆಲಸಗಾರರು ಅದನ್ನು ಷರಾಯಿಯೊಳಗೆ ಬಿಟ್ಟುಕೊಂಡು, ಯಾರು ಹೆಚ್ಚು ಹೊತ್ತು ತಡೆದುಕೊಳ್ಳುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರಂತೆ. ಬಡವರ ಆಟಗಳು ಎಲ್ಲ ಕಡೆಯೂ ಹೀಗೇ ಏನೋ, ಪಣಕ್ಕಿಡಲು ಮೈಯೊಂದೇ ಇರುತ್ತದೆ.

ಅವನು ಆ ಮನೆಗೆ ಹೋದ ಮೊದಲ ದಿನ ಮುದುಕಿ ಹೇಳಿದ್ದು ಇಷ್ಟು: "ನೋಡಪ್ಪ, ಈ ಮನೆಯಲ್ಲಿ ವಾಸನೆ ಇರುತ್ತದೆ. ನಾನು ಆದಷ್ಟು ತೊಳೆಯುತ್ತೇನೆ. ಆದರೂ ನಿನಗೆ ಕಷ್ಟವಾದರೆ ಸಂಕೋಚ ಮಾಡಿಕೊಳ್ಳಬೇಡ, ಹೇಳು." ಇದನ್ನು ಫೋನಿನಲ್ಲಿ ಹೇಳುತ್ತ ಅವನು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. "ಲೇ, ನೀವು ಏನು ತಿಂತೀರಿ, ನಿಮ್ಮ ಮನೇಲಿ ಏನು ಬೇಯುತ್ತೆ ಅಂತ ಕೇಳಿದೋರು ನೂರು ಜನ ಅವ್ರೆ. ತಮ್ಮ ಮನೆ ವಾಸ್ನೆಗೆ ನನ್ನ ಮೂಗಿನ ಒಪ್ಪಿಗೆ ಕೇಳಿದ್ದು ಈಯಮ್ಮ ಒಬ್ಳೇ ಕಣ್ಲಾ" ಎಂದ.

ಆ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ನಾವು ಅವನನ್ನು ಬಿಡದೆ ಕೇಳಿದೆವು: ಅವುಗಳಿಗೆ ಏನು ಹಾಕುತ್ತಾಳೆ, ಎಲ್ಲಿ ಹಾಕುತ್ತಾಳೆ, ನೊಣ ಬರುವುದಿಲ್ಲವೆ, ಬಂದರೆ ಏನು ಮಾಡುತ್ತಾಳೆ?

ಫೆರೆಟ್ ಅಪ್ಪಟ ಮಾಂಸಾಹಾರಿ. ಕಾಳು, ಸೊಪ್ಪು ಅದರ ಕರುಳಿಗೆ ಒಗ್ಗದು. ಕರುಳು ಗಿಡ್ಡ; ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತದೆ. ಹಾಗಾಗಿ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು. ಮುದುಕಿ ಹಾಕುವುದು ಮೊಲದ ಮಾಂಸ, ಕೋಳಿಯ ಕತ್ತು, ಗುಂಡಿಗೆ, ಮತ್ತು ಮಂಜುಗಟ್ಟಿಸಿದ ಒಂದು ದಿನದ ಕೋಳಿಮರಿ. ಈ ಮರಿಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಹೊಟ್ಟೆ ಕಲಸುತ್ತದೆ. ಮೊಟ್ಟೆಯ ಕಾರ್ಖಾನೆಗಳಲ್ಲಿ ಹುಟ್ಟುವ ಗಂಡುಮರಿ ಮೊಟ್ಟೆ ಇಡುವುದಿಲ್ಲ, ಲಾಭವಿಲ್ಲ. ಹುಟ್ಟಿದ ದಿನವೇ ಕೊಂದು ಚೀಲಕ್ಕೆ ತುಂಬಿ ಮಾರುತ್ತಾರೆ. ಬೆಳಿಗ್ಗೆ ಮೊಟ್ಟೆ ತಿಂದು ನಾವು ಅಹಿಂಸಾವಾದಿಗಳು ಅನ್ನುವವರು ಇದನ್ನೂ ಒಂದು ಸಲ ನೆನೆಯಬಹುದು. ಇರಲಿ, ಅದು ಇನ್ನೊಂದು ಲೇಖನ.

ಫೆರೆಟ್ಟಿಗೆ ಒಂದು ಚಾಳಿ ಇದೆ. ಮಿಕ್ಕಿದ್ದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಬಚ್ಚಿಡುತ್ತದೆ. ಸೋಫಾದ ಅಡಿ, ಹಾಸಿಗೆಯ ಮಡಿಕೆ, ಬೂಟಿನ ಒಳಗೆ. ನಾಳೆಗೆ ಇರಲಿ ಅನ್ನುವ ಬುದ್ಧಿ. ಹಸಿದವರ ಬುದ್ಧಿಯೂ ಅದೇ, ನಮ್ಮ ಕೇರಿಯಲ್ಲಿ ಬಚ್ಚಿಡದ ಅಜ್ಜಿ ಯಾರಿದ್ದಾರೆ? ಬಚ್ಚಿಟ್ಟ ಹಸಿ ಮಾಂಸ ಬೇಸಿಗೆಯಲ್ಲಿ ಒಂದು ಹಗಲು ಸಾಕು. ನೀಲಿ ನೊಣ, ಹಸಿರು ನೊಣ ಎಲ್ಲಿದ್ದರೂ ಮೂಸಿಕೊಂಡು ಬಂದು ಮೊಟ್ಟೆ ಇಡುತ್ತವೆ. ಸೆಕೆ ಇದ್ದರೆ ದಿನದೊಳಗೆ ಹುಳ ಒಡೆಯುತ್ತದೆ. ಮನೆನೊಣ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬಿಸಿ ಹವೆಯಲ್ಲಿ 7ರಿಂದ 10 ದಿನ ತೆಗೆದುಕೊಳ್ಳುತ್ತದೆ. ಅಂದರೆ ವಾರಕ್ಕೊಂದು ಸಲ ಮೂಲೆಮೂಲೆ ಬಳಿದು ತೊಳೆದರೆ ಹೊಸ ನೊಣ ಹುಟ್ಟುವ ಮುಂಚೆಯೇ ಅದರ ಸಂಸಾರ ಮುರಿಯುತ್ತದೆ. ನೊಣ ಹೊಡೆಯುವುದರಿಂದ ನೊಣ ಕಡಿಮೆಯಾಗದು ಎಂಬುದು ಆಕೆಗೆ ಗೊತ್ತು.

ಆಕೆಯ ದಿನಚರಿ ಹೀಗೆ. ಮಾಂಸ ಮಂಜುಪೆಟ್ಟಿಗೆಯಲ್ಲಿ ಇರಬೇಕು, ಕರಗಿಸುವುದೂ ಫ್ರಿಜ್ಜಿನ ಒಳಗೇ, ಅಡಿಗೆಕಟ್ಟೆಯ ಮೇಲೆ ಅಲ್ಲ. ತೂಗಿದ ಹಾಗೆ ಸ್ವಲ್ಪವೇ ಹಾಕುವುದು. ಎಳೆದುಕೊಂಡು ಹೋಗಲಾಗದ ಹಾಗೆ ಗೂಡಿನ ಒಳಗೆ, ಭಾರದ ಮಣ್ಣಿನ ಬಟ್ಟಲಲ್ಲಿ. ಬೇಸಿಗೆಯಲ್ಲಾದರೆ ಹೊತ್ತು ಮುಳುಗಿದ ಮೇಲೆ ದೊಡ್ಡ ಊಟ, ಕತ್ತಲಲ್ಲಿ ನೊಣ ಹಾರುವುದಿಲ್ಲವಲ್ಲ. ಒಂದೆರಡು ಗಂಟೆ ಬಿಟ್ಟು ಮಿಕ್ಕಿದ್ದನ್ನು ತೆಗೆಯುವುದು. ತೆಗೆದ ಮೂಳೆ, ಚರ್ಮವನ್ನು ಕಸದ ಡಬ್ಬಕ್ಕೆ ನೇರ ಹಾಕದೆ ಕಾಗದದಲ್ಲಿ ಸುತ್ತಿ ಮತ್ತೆ ಮಂಜುಪೆಟ್ಟಿಗೆಯಲ್ಲೇ ಇಟ್ಟು, ಕಸದ ಗಾಡಿ ಬರುವ ದಿನ ಬೆಳಿಗ್ಗೆ ಹೊರಗಿಡುವುದು. ಮಲದ ತಟ್ಟೆ ದಿನಾ, ಹಾಸುಬಟ್ಟೆ ವಾರಕ್ಕೊಮ್ಮೆ. ಗೂಡಿಗೆ ಸಣ್ಣಕಣ್ಣಿನ ಜಾಲರಿ. ಕೈ ತೊಳೆಯುವುದಂತೂ ಎಣಿಕೆಗೆ ಸಿಗದು, ಹಸಿ ಕೋಳಿಯಲ್ಲಿ ಕಾಯಿಲೆಯ ಕ್ರಿಮಿ ಇರುತ್ತದೆ.

ಪ್ರಾಣಿಯನ್ನೇ ಮೇಲಿಂದ ಮೇಲೆ ಸೋಪು ಹಾಕಿ ಉಜ್ಜಿದರೆ ಆಗದೆ ಎಂದು ನಮ್ಮವನು ಕೇಳಿದನಂತೆ. ಮುದುಕಿ ನಕ್ಕಳಂತೆ. ಹೆಚ್ಚು ತೊಳೆದರೆ ಮೈಯ ಜಿಡ್ಡು ಹೋಗಿ ಚರ್ಮ ಇನ್ನೂ ಹೆಚ್ಚು ಜಿಡ್ಡು ಬಿಟ್ಟು ವಾಸನೆ ಜಾಸ್ತಿಯಾಗುತ್ತದೆ. ತೊಳೆಯಬೇಕಾದ್ದು ಅದರ ಹಾಸಿಗೆಯನ್ನು, ಅದರ ಮೈಯನ್ನಲ್ಲ.

ಜುಲೈ ತಿಂಗಳಲ್ಲಿ ಒಂದು ದಿನ ನಮ್ಮವನ ಕೋಣೆಯಲ್ಲೇ ನಾತ ಎದ್ದಿತು. ಹುಡುಕಿದರೆ ಅವನ ಮಳೆಗಾಲದ ಬೂಟಿನೊಳಗೆ ಒಂದು ಕೋಳಿಯ ಕತ್ತು, ಹುಳ ಮಿಜಿಮಿಜಿ ಅನ್ನುತ್ತಿದೆ. ಮುದುಕಿ ಓಡಿ ಬಂದು ಪ್ರಾಣಿಯನ್ನು ಬೈಯಲಿಲ್ಲ. "ತಪ್ಪು ನನ್ನದು, ನಾನು ನೋಡಬೇಕಿತ್ತು" ಎಂದು ಬೂಟು ತೆಗೆದುಕೊಂಡು ಹೋಗಿ ತಾನೇ ತೊಳೆದಳು. ಮಾರನೆಯ ದಿನದಿಂದ ಅವನ ಕೋಣೆಯ ಬಾಗಿಲಿಗೆ ಅಡ್ಡ ಹಲಗೆ ಬಂತು.

ಇದನ್ನೆಲ್ಲ ಕೇಳುವಾಗ ನಮಗೆ ನಮ್ಮವ್ವನ ಮಾಳಿಗೆ ನೆನಪಾಯಿತು. ಗುಡ್ಡೆ ಬಾಡು ಹಾಕಿಸಿದ ದಿನ ತಿಂದು ಮಿಕ್ಕಿದ್ದನ್ನು ಅವ್ವ ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಶಿನ ಉಜ್ಜಿ, ಹಗ್ಗದ ಮೇಲೆ ಹಾಕುತ್ತಿದ್ದಳು. ಯಾವ ಬಾಡು ಎಂದು ಕೇಳಬೇಡಿ, ಕೇಳುವ ಕಾಲ ಕೆಟ್ಟಿದೆ. ಎಳೆ ಬಿಸಿಲಿಗೆ ಹಾಕಬಾರದು, ಹೊತ್ತು ಒಂದು ಮಾರು ಏರಿ ಬಿಸಿಲು ಚುರುಗುಟ್ಟುವಾಗ ಹಾಕಬೇಕು; ಮೇಲುಪದರ ಬೇಗ ಬಿಗಿದುಕೊಂಡರೆ ನೊಣ ಕೂತರೂ ಮೊಟ್ಟೆ ಇಡಲಾಗದು. ಮೊದಲ ಎರಡು ಗಂಟೆಯೇ ಕಾಲ. ಆ ಎರಡು ಗಂಟೆ ಹಗ್ಗದ ಕೆಳಗೆ ಬೇವಿನ ಸೊಪ್ಪಿನ ಹೊಗೆ, ಪಕ್ಕದಲ್ಲಿ ಕಡ್ಡಿ ಹಿಡಿದು ಕಾಗೆ ಕಾಯುವ ನಾವು. ರಕ್ತ ತೊಟ್ಟಿಕ್ಕಿದ ಕಡೆ ತಕ್ಷಣ ಬೂದಿ. ಕತ್ತರಿಸಿ ಮಿಕ್ಕ ಕೊಚ್ಚೆ ತಿಪ್ಪೆಯಲ್ಲಿ ಗುಂಡಿ ತೋಡಿ ಬೂದಿ ಮುಚ್ಚಿ ಹೂಳಬೇಕು. ಸಂಜೆ ಒಳಕ್ಕೆ ತಂದು ಒಲೆಯ ಮೇಲೆ ತೂಗುಹಾಕುವುದು. ಮೂರು ಹಗಲು ಮೂರು ರಾತ್ರಿ. ನಾಲ್ಕನೇ ದಿನ ಮುರಿದರೆ ಪಟ್ ಅನ್ನಬೇಕು.

ಫ್ರಿಜ್ಜು ಇಲ್ಲ, ಜಾಲರಿ ಇಲ್ಲ, ಕಸದ ಗಾಡಿ ಇಲ್ಲ, ನೀರು ಬೀದಿ ನಲ್ಲಿಯದು. ಆದರೂ ಅದೇ ಲೆಕ್ಕ: ಹೊತ್ತು ನೋಡುವುದು, ತೇವ ಕಳೆಯುವುದು, ಮುಚ್ಚುವುದು, ಮಿಕ್ಕದ್ದನ್ನು ಬಿಡದೆ ಎತ್ತುವುದು. ಯಾರ್ಕ್‌ಷೈರಿನ ಮುದುಕಿಗೂ ನಮ್ಮವ್ವನಿಗೂ ನೊಣ ಒಂದೇ ಪಾಠ ಕಲಿಸಿದೆ. ಮುದುಕಿ ಮಾಡಿದರೆ ಅದು ಪ್ರಾಣಿ ಸಾಕುವ ವಿದ್ಯೆ, ಅದಕ್ಕೆ ಪುಸ್ತಕಗಳಿವೆ. ನಮ್ಮವ್ವ ಮಾಡಿದರೆ ಅದು ಏನು? ಊರಿನವರು ನಮ್ಮ ಕೇರಿಯ ಮುಂದೆ ಹಾದುಹೋಗುವಾಗ ಸೆರಗಿನಿಂದ, ಟವಲ್ಲಿನಿಂದ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು, ಖಂಡ ಒಣಹಾಕದ ದಿನವೂ. ಬರೀ ರಾಗಿ ಹುರಿಯುವ ದಿನವೂ. ಅವರ ಮೂಗಿಗೆ ಬಡಿಯುತ್ತಿದ್ದದ್ದು ಮಾಂಸದ ನಾತವಾಗಿದ್ದರೆ ರಾಗಿ ಹುರಿಯುವ ದಿನ ಮೂಗು ತೆರೆಯಬೇಕಿತ್ತಲ್ಲ!

ಇಲ್ಲೇ ನಮ್ಮ ಪ್ರಶ್ನೆ ಇರುವುದು. ನಾತ ವಸ್ತುವಿನ ಗುಣವೋ, ಮನುಷ್ಯನ ಗುಣವೋ? ವಸ್ತುವಿನದಾದರೆ ಅದಕ್ಕೆ ಕಾಲವಿದೆ, ಕಾರಣವಿದೆ, ಉಪಾಯವಿದೆ. ಮನುಷ್ಯನ ಗುಣವೆಂದು ಒಮ್ಮೆ ತೀರ್ಮಾನ ಮಾಡಿಬಿಟ್ಟರೆ ಯಾವ ನೀರೂ ಅದನ್ನು ತೊಳೆಯಲಾರದು. ನಮ್ಮ ಪಂಡಿತರು ಈ ಕೆಲಸವನ್ನು ಒಂದು ಶಬ್ದದಲ್ಲೇ ಮುಗಿಸಿದ್ದಾರೆ ನೋಡಿ. ವಾಸನೆ ಅಂದರೆ ಮೂಗಿಗೆ ಬಡಿಯುವುದು. ವಾಸನೆ ಅಂದರೆ ಹಿಂದಿನ ಜನ್ಮದಿಂದ ಅಂಟಿಕೊಂಡು ಬಂದ ಸಂಸ್ಕಾರವೂ ಹೌದು. ವೇದಾಂತದ ಪಾಠ ಮಾಡುವ ಮೇಷ್ಟರೊಬ್ಬರು ಕ್ಲಾಸಿನಲ್ಲಿ, ಇಂಗು ತೆಗೆದ ಮೇಲೂ ಡಬ್ಬಿಯಲ್ಲಿ ಇಂಗಿನ ವಾಸನೆ ಉಳಿಯುವ ಹಾಗೆ ಜನ್ಮಜನ್ಮದ ಕರ್ಮ ಉಳಿಯುತ್ತದೆ ಎಂದು ವಿವರಿಸಿದ್ದರು. ನಾವು ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ಅಂಗಿಯ ತೋಳನ್ನು ಮೆಲ್ಲಗೆ ಮೂಸಿ ನೋಡಿಕೊಂಡಿದ್ದೆವು. ಆ ಉಪಮೆಯಲ್ಲಿ ಡಬ್ಬಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡುವ ಹೆಂಗಸಿಗೆ ಜಾಗವೇ ಇಲ್ಲ. ತೊಳೆಯುವವಳನ್ನು ಬಿಟ್ಟು ಕಟ್ಟಿದ ತತ್ವ ಅದು.

ಹೆಸರಿಡುವ ಕಲೆಯಲ್ಲಿ ಬಿಳಿಯರೂ ಹಿಂದೆ ಬಿದ್ದವರಲ್ಲ. ವಿಜ್ಞಾನದಲ್ಲಿ ಈ ಪ್ರಾಣಿಯ ಹೆಸರು ಮಸ್ಟೆಲಾ ಪುಟೋರಿಯಸ್ ಫ್ಯೂರೊ. 1758ರಲ್ಲಿ ಲಿನೇಯಸ್ ಕೊಟ್ಟ ಹೆಸರುಗಳು. ಲ್ಯಾಟಿನ್ನಿನಲ್ಲಿ ಪುಟೋರ್ ಅಂದರೆ ದುರ್ನಾತ, ಫ್ಯೂರೊ ಅಂದರೆ ಕಳ್ಳ. ನಾರುವ ಕಳ್ಳ! ಓದಿದಾಗ ನಮಗೆ ನಗು ಬರಲಿಲ್ಲ. ಹುಟ್ಟಿನಿಂದಲೇ ನಾರುವವರು ಎಂದು ಒಂದು ಜನಕ್ಕೆ, ಹುಟ್ಟಿನಿಂದಲೇ ಕಳ್ಳರು ಎಂದು ಇನ್ನೊಂದು ಜನಕ್ಕೆ ಹೆಸರಿಟ್ಟ ನೆಲ ನಮ್ಮದು. ಎರಡನೆಯದಕ್ಕೆ 1871ರಲ್ಲಿ ಬ್ರಿಟಿಷರು ಕಾಯಿದೆಯನ್ನೇ ಮಾಡಿದರು, ಅದು ರದ್ದಾಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ. ಮೊದಲನೆಯದಕ್ಕೆ ಕಾಯಿದೆ ಬೇಕಾಗಲೇ ಇಲ್ಲ.

ಇನ್ನೊಂದು ವಿಷಯ. ಈ ನಾರುವ ಕಳ್ಳನನ್ನು ಸಾಕಲು ಇಂಗ್ಲೆಂಡಿನಲ್ಲಿ ಎಲ್ಲರಿಗೂ ಹಕ್ಕಿರಲಿಲ್ಲ. 1381ರಲ್ಲಿ ಅಲ್ಲಿ ರೈತರ ದೊಡ್ಡ ದಂಗೆ ಆಯಿತು. ಎಂಟೊಂಬತ್ತು ವರ್ಷ ಕಳೆದು, 1389-90ರಲ್ಲಿ ಎರಡನೇ ರಿಚರ್ಡನ ಸರ್ಕಾರ ಒಂದು ಶಾಸನ ತಂದಿತು: ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವಳಿಯ ಜಮೀನು ಇಲ್ಲದವನು ಬೇಟೆನಾಯಿ, ಬಲೆ, ಫೆರೆಟ್ ಇಟ್ಟುಕೊಳ್ಳಕೂಡದು. ಕಾರಣವನ್ನೂ ಹೇಳಿದರು. ಕಸುಬಿನವರು, ಕೂಲಿಯವರು, ಆಳುಗಳು ಹಬ್ಬದ ದಿನ ಒಳ್ಳೇ ಕ್ರೈಸ್ತರೆಲ್ಲ ಚರ್ಚಿನಲ್ಲಿರುವಾಗ ಬೇಟೆಗೆ ಹೋಗುತ್ತಾರೆ, ಆ ನೆವದಲ್ಲಿ ಕೂಟ ಸೇರಿ ದಂಗೆಯ ಮಾತಾಡುತ್ತಾರೆ, ಎಂದು. ಒಡೆಯನ ಮೂಗಿಗೆ ಆಗ ಪ್ರಾಣಿಯ ನಾತ ಬಡಿದಿರಲಿಲ್ಲ, ಕೂಲಿಯವನ ಕೂಟದ ವಾಸನೆ ಬಡಿದಿತ್ತು.

ಅಮೆರಿಕದಲ್ಲಿ ಮಾಡುವ ಇನ್ನೊಂದು ಕೆಲಸ ಕೇಳಿ. ಅಲ್ಲಿ ಫೆರೆಟ್ಟುಗಳನ್ನು ಸಾವಿರಗಟ್ಟಲೆ ಹುಟ್ಟಿಸಿ ಮಾರುವ ಸಾಕಣೆ ಕೇಂದ್ರಗಳಿವೆ. ಮರಿಗೆ ಇನ್ನೂ ಕೆಲವೇ ವಾರ ಆಗಿರುವಾಗ ಅದರ ಗುದದ ಪಕ್ಕದ ವಾಸನೆಯ ಗ್ರಂಥಿಯನ್ನು ಕುಯ್ದು ತೆಗೆದು ಅಂಗಡಿಗೆ ಕಳಿಸುತ್ತಾರೆ, ಕೊಂಡವನ ಮೂಗಿಗೆ ತೊಂದರೆಯಾಗಬಾರದು ಎಂದು. ಮಜಾ ಏನೆಂದರೆ, ಅಷ್ಟು ಮಾಡಿದರೂ ಅದರ ಮೈವಾಸನೆ ಹೋಗುವುದಿಲ್ಲ. ಮೈವಾಸನೆ ಬರುವುದು ಇಡೀ ಚರ್ಮದಿಂದ. ಆ ಗ್ರಂಥಿ ಇರುವುದು ಹೆದರಿಕೆಯಾದಾಗ ಬಿಡುವುದಕ್ಕೆ. ಅಂದರೆ ಕುಯ್ದು ತೆಗೆಯುವುದು ಪ್ರಾಣಿಯ ನಾತವನ್ನಲ್ಲ, ಹೆದರಿದಾಗ ಅದಕ್ಕಿದ್ದ ಒಂದು ಆಯುಧವನ್ನು.

ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಏಕೆಂದರೆ ಆ ಶಸ್ತ್ರಚಿಕಿತ್ಸೆಯನ್ನು ನಾವು ನಮ್ಮ ಕೈಯಾರೆ ನಮಗೇ ಮಾಡಿಕೊಂಡಿದ್ದೇವೆ.

ಬಿ.ಎ. ಮುಗಿಸಿ ಪಟ್ಟಣಕ್ಕೆ ಬಂದಾಗ ರೂಮು ಹುಡುಕಿದ ಕಥೆ ಹೊಸದೇನಲ್ಲ, ಇದನ್ನು ಓದುವ ಅರ್ಧ ಜನರ ಕಥೆ ಅದು. ಹನ್ನೊಂದನೇ ಮನೆಯಲ್ಲಿ ರೂಮು ಸಿಕ್ಕಿತು. ಮನೆಯ ಯಜಮಾನರು ಜಾತಿ ಕೇಳಲಿಲ್ಲ, ಸಭ್ಯರು. "ವೆಜ್ಜಾ?" ಎಂದರು. "ಹೌದು ಸಾರ್" ಎಂದೆವು. ಆ "ಹೌದು ಸಾರ್" ಹೇಳುವಾಗ ಗ್ರಂಥಿ ಹೋಯಿತು. ಮೂರು ತಿಂಗಳು ಕಳೆದು ಅವ್ವ ಒಣಖಂಡವನ್ನು ಹಾರ್ಲಿಕ್ಸ್ ಡಬ್ಬಿಗೆ ತುಂಬಿ, ಮೂರು ಕವರು ಸುತ್ತಿ, ಊರಿನ ಬಸ್ಸಿನಲ್ಲಿ ಕಳಿಸಿದಳು. "ಅಲ್ಲಿ ಬರೀ ಸೊಪ್ಪುಸದೆ ತಿಂದು ಮೈ ಬತ್ತೋಗದೆ, ಬಿಸಿ ಬೂದೀಲಿ ಸುಟ್ಕಂಡು ತಿನ್ನು ಮಗ" ಅಂತ ಫೋನು. ಬೂದಿ ಎಲ್ಲಿಂದ ತರೋಣ? ಡಬ್ಬಿಯನ್ನು ಟ್ರಂಕಿನೊಳಗೆ ಇಟ್ಟೆವು. ದಿನಾ ಬೆಳಿಗ್ಗೆ ಎರಡು ಊದುಬತ್ತಿ ಹಚ್ಚಿದೆವು. ಯಜಮಾನರ ಹೆಂಡತಿಗೆ ನಮ್ಮ ಮೇಲೆ ಪ್ರೀತಿ ಬಂತು, ಹುಡುಗ ಎಷ್ಟು ದೈವಭಕ್ತ ಎಂದು! ಎಂಟನೇ ದಿನ ರಾತ್ರಿ ಆ ಡಬ್ಬಿಯನ್ನು ತೆಗೆದುಕೊಂಡು ಹೋಗಿ, ಎರಡು ಬೀದಿ ಆಚೆ, ಬೀದಿನಾಯಿಗಳಿಗೆ ಸುರಿದುಬಿಟ್ಟೆವು. ಡಬ್ಬಿಯನ್ನು ಸೋಪು ಹಾಕಿ ತೊಳೆದೆವು. ವಾಸನೆ ಏನೂ ಇರಲಿಲ್ಲ. ನಾಲ್ಕನೇ ದಿನ ಪಟ್ ಎಂದು ಮುರಿಯುವ ಖಂಡಕ್ಕೆ ಮುಚ್ಚಿದ ಡಬ್ಬಿಯಲ್ಲಿ ಏನು ವಾಸನೆ? ನೊಣವೂ ಬಂದಿರಲಿಲ್ಲ. ಬಂದಿದ್ದದ್ದು ನಮ್ಮ ಹೆದರಿಕೆ.

ಇಲ್ಲಿ ಒಬ್ಬ ಗೆಳೆಯ ನಮ್ಮನ್ನು ತಡೆದು ಕೇಳಬಹುದು, ಕೇಳಿದ್ದಾನೆ ಕೂಡ: ಬಾಬಾಸಾಹೇಬರೇ ಬಿಡಿ ಅಂದಿರಲಿಲ್ಲವೆ? ಅಂದಿದ್ದರು. 1927ರ ಮಾರ್ಚಿಯಲ್ಲಿ ಮಹಾಡದಲ್ಲಿ, ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಹೇಳಿದರು. ಅದೇ ಸಮಾವೇಶದ ಜನ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಈ ಎರಡನ್ನೂ ಒಟ್ಟಿಗೆ ನೋಡಬೇಕು. ಊರು ಎಸೆದ ಹೆಣವನ್ನು ತಿನ್ನಬೇಡಿ ಅಂದವರು, ಊರಿನ ಕೆರೆಯನ್ನು ಬಿಡಿ ಅನ್ನಲಿಲ್ಲ, ಹೋಗಿ ಕುಡಿಯಿರಿ ಅಂದರು. ಊರಿನ ಮೂಗಿಗೆ ಹಿತವಾಗಲಿ ಎಂದು ಅವರು ಏನನ್ನೂ ಬಿಡಿಸಿದವರಲ್ಲ. 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅವರು ಅಸ್ಪೃಶ್ಯತೆಯ ಬೇರನ್ನು ಗೋಮಾಂಸದ ತನಕ ಅಗೆದು ತೋರಿಸಿದಾಗ, ಅಲ್ಲಿ ಸಿಕ್ಕಿದ್ದು ತಿನ್ನುವವನ ಕೊಳಕಲ್ಲ, ಬಿಟ್ಟವರು ಬಿಡದವರ ಮೇಲೆ ಹೊರಿಸಿದ ತೀರ್ಪು. ನಾವು ಬೀದಿನಾಯಿಗೆ ಸುರಿದದ್ದು ಮಹಾಡದ ದಾರಿಯಲ್ಲಿ ನಡೆದದ್ದಲ್ಲ. ಮಹಾಡದಲ್ಲಿ ಜನ ಹಗಲು ಹೊತ್ತು ನಡೆದರು, ನಾವು ರಾತ್ರಿ ಹೋದೆವು.

ಹಾಗಾದರೆ ನಾತ ಸುಳ್ಳೇ? ಸುಳ್ಳಲ್ಲ. ನಮ್ಮ ಕೇರಿಯ ಪಕ್ಕದಲ್ಲಿ ನಾತ ಇದೆ, ನೊಣ ಇದೆ. ಎಲ್ಲಿಂದ ಬಂತು ಎಂದು ನೋಡಿ. ಪಟ್ಟಣದ ಕೋಳಿ ಅಂಗಡಿಗಳ ಪುಕ್ಕ, ಕರುಳು, ಮೂಟೆ ಮೂಟೆ ಕಟ್ಟಿ ರಾತ್ರಿ ಟೆಂಪೋದಲ್ಲಿ ತಂದು ಸುರಿಯುವುದು ಎಲ್ಲಿ? ಕೇರಿಯ ಹಿಂದಿನ ಹಳ್ಳಕ್ಕೆ. ಕೋಳಿ ತಿಂದವರು ಎಲ್ಲ ಬಡಾವಣೆಯವರೂ, ಎಲ್ಲ ಜಾತಿಯವರೂ. ನೊಣ ಮಾತ್ರ ನಮ್ಮ ಮಕ್ಕಳ ಕಣ್ಣಿಗೆ. ಊರಿನ ದನ ಸತ್ತಾಗ ಎಳೆದು ಹಾಕಿದ್ದು ಎಲ್ಲಿಗೆ, ಊರಿನ ಚರಂಡಿ ಹರಿದು ನಿಂತದ್ದು ಎಲ್ಲಿ? ತಮ್ಮ ನಾತವನ್ನು ನಮ್ಮ ಬಾಗಿಲಿಗೆ ತಂದು ಹಾಕಿ, ಬಾಗಿಲ ಮುಂದೆ ಹೋಗುವಾಗ ಮೂಗು ಮುಚ್ಚಿಕೊಂಡರು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ, ತಲೆಯ ಮೇಲೆ ಮಲ ಹೊರುವುದು ನಿಲ್ಲಬೇಕು ಎಂದು ಆಜ್ಞೆ ಮಾಡಿದರು. ಅದಾಗಿ ಮೂವತ್ತೈದು ವರ್ಷಕ್ಕೂ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಅವತ್ತು ನಾಡಿನ ಪತ್ರಿಕೆಗಳಿಗೆಲ್ಲ ನಾತ ಬಡಿಯಿತು. ಹೆದರಿದಾಗ ಬಿಡುವ ಗ್ರಂಥಿ ಅದೊಂದೇ ಉಳಿದಿತ್ತು ಅವರಿಗೆ.

ಈಗ ಯಾರ್ಕ್‌ಷೈರಿನ ಮುದುಕಿಯ ಹತ್ತಿರ ವಾಪಸು ಹೋಗಬೇಕು. ಆಕೆಯನ್ನು ಮಹಾತಾಯಿ ಮಾಡಿ ಈ ಲೇಖನ ಮುಗಿಸಬೇಕೆಂದು ನಮಗೆ ಆಸೆಯಿತ್ತು. ಆಗಲಿಲ್ಲ. ಕಳೆದ ಚಳಿಗಾಲದಲ್ಲಿ ನಮ್ಮವನು ಫೋನು ಮಾಡಿದ. ಒಂದು ಭಾನುವಾರ ಅವನು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಹುಳಿಸಾರು ಮಾಡಿದ್ದಾನೆ. ಮುದುಕಿ ಬಂದು, ಬಾಗಿಲು ಹಾಕಿಕೊಂಡು ಮಾಡು, ಪರದೆಗೆಲ್ಲ ನಿನ್ನ ಊಟದ ವಾಸನೆ ಹಿಡಿದಿದೆ, ತೊಳೆದರೂ ಹೋಗುತ್ತಿಲ್ಲ, ಎಂದಳಂತೆ. ಪಕ್ಕದ ಮನೆಯವರೂ ಹೇಳಿದರಂತೆ. "ಬೂಟಿನೊಳಗೆ ಹುಳ ಬಿದ್ದ ಕೋಳಿ ಕತ್ತು ಸಿಕ್ಕಾಗ ಹೋಗುವ ವಾಸ್ನೆ, ನನ್ನ ಬೆಳ್ಳುಳ್ಳಿದು ಹೋಗದಿಲ್ವಂತೆ ಕಣ್ಲಾ" ಎಂದ. ಈ ಸಲವೂ ನಕ್ಕ. ಆಕೆ ಕೆಟ್ಟವಳಲ್ಲ. ಅವನಿಗೆ ಜ್ವರ ಬಂದಾಗ ಗಂಜಿಯಂಥದ್ದೇನೋ ಮಾಡಿಕೊಟ್ಟವಳು. ಆದರೆ ಆಕೆಯ ಮೂಗಿನ ಸಹನೆ ಆಕೆಯ ಪ್ರೀತಿ ಎಲ್ಲಿಯ ತನಕ ಹರಿಯುತ್ತದೋ ಅಲ್ಲಿಯ ತನಕ. ಆಚೆಗೆ ಮತ್ತೆ ಅದೇ ಗೋಡೆ. ಪ್ರಾಣಿಗೆ ಸಿಕ್ಕಿದ್ದು ಪ್ರೀತಿ. ಬಾಡಿಗೆಯವನಿಗೆ ಸಿಕ್ಕಬೇಕಾದ್ದು ಪ್ರೀತಿಯಲ್ಲ.

ಅದಕ್ಕೇ ನಾವು ಯಾರನ್ನೂ ನಮ್ಮ ವಾಸನೆಯನ್ನು ಪ್ರೀತಿಸಿ ಎಂದು ಕೇಳುವುದಿಲ್ಲ. ದಲಿತರ ಮನೆಯಲ್ಲಿ ಊಟ ಮಾಡಿ ಫೋಟೋ ತೆಗೆಸಿಕೊಳ್ಳುವವರ ಮೂಗು ಬಾಗಿಲ ಒಳಗೆ ಒಂದು ಥರ, ಕಾರು ಹತ್ತಿದ ಮೇಲೆ ಇನ್ನೊಂದು ಥರ. ನಮಗೆ ಬೇಕಾದ್ದು ನಲ್ಲಿ, ದಿನಾ ಬರುವ ಕಸದ ಗಾಡಿ, ಹಳ್ಳಕ್ಕೆ ಸುರಿಯುವ ಟೆಂಪೋ ಹಿಡಿದು ದಂಡ ಹಾಕುವ ಪಂಚಾಯಿತಿ, ಮತ್ತು ಬಾಗಿಲಲ್ಲಿ ನಿಂತು ವೆಜ್ಜಾ ಎಂದು ಕೇಳದ ಯಜಮಾನ. ಆತ ಬಾಡಿಗೆ ಕೇಳಲಿ, ಮುಂಗಡ ಕೇಳಲಿ. ಕಸ ಎಲ್ಲಿ ಹಾಕುತ್ತೀರಿ ಎಂದೂ ಕೇಳಲಿ, ಅದು ಎಲ್ಲರಿಗೂ ಕೇಳಬೇಕಾದ ಪ್ರಶ್ನೆ, ತುಪ್ಪ ತಿನ್ನುವವರಿಗೂ.

ಈ ವರ್ಷದ ತೊಡಕಿಗೆ ಊರಿಗೆ ಹೋಗಿದ್ದೆವು. ಯುಗಾದಿಯ ಮಾರನೆಯ ದಿನ ಬಾಡು ಬೇಯದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಅವ್ವ ಮಾಳಿಗೆಯ ಮೇಲೆ ಖಂಡ ಹರವುತ್ತಿದ್ದಳು. ಈಗ ಹಗ್ಗದ ಮೇಲೆ ಹಳೇ ಸೊಳ್ಳೆಪರದೆ ಮುಚ್ಚುತ್ತಾಳೆ, ಅಂಗನವಾಡಿ ಟೀಚರು ಹೇಳಿಕೊಟ್ಟದ್ದಂತೆ. ನಾವು ಪಕ್ಕದಲ್ಲಿ ಕೂತು ಫೆರೆಟ್ಟಿನ ಕಥೆ ಪೂರ್ತಿ ಹೇಳಿದೆವು. ಕೋಳಿ ಕತ್ತು, ಬೂಟು, ಒಗ್ಗರಣೆ, ಎಲ್ಲ. ಅವ್ವ ಕೆಲಸ ಬಿಡದೆ ಕೇಳಿದಳು. "ಆಯಮ್ಮನೂ ಕಷ್ಟ ಪಟ್ಟವಳೇ ಕನ ಬುಡು, ಗಂಡ ಸತ್ತವಳು. ಆದ್ರೆ ಒಗ್ಗರಣೆ ಹಾಕ್ಬ್ಯಾಡ ಅಂದ್ರೆ ಐದ ಏನು ತಿಂದಾನು?" ಎಂದಳು. ಆಮೇಲೆ, "ಬಾಡಿಗೆ ಎಷ್ಟ್ ಇಸ್ಕತಾಳೆ?" ಎಂದಳು. ರೂಪಾಯಿ ಲೆಕ್ಕದಲ್ಲಿ ಹೇಳಿದಾಗ ಕೈಯಲ್ಲಿದ್ದ ಖಂಡ ಹಾಗೇ ನಿಂತಿತು.

ಆ ಹೊತ್ತಿನಲ್ಲಿ ನಾವು ಹಾರ್ಲಿಕ್ಸ್ ಡಬ್ಬಿಯ ಮಾತನ್ನೂ ಹೇಳಿಬಿಟ್ಟೆವು. ಬೀದಿನಾಯಿಗೆ ಸುರಿದದ್ದು, ಊದುಬತ್ತಿ ಹಚ್ಚಿದ್ದು. ಇಷ್ಟು ವರ್ಷ ತಿಂದೆವು ಎಂದೇ ಹೇಳಿದ್ದೆವಲ್ಲ.

ಅವ್ವ ತಲೆ ಎತ್ತಲಿಲ್ಲ. "ಗೊತ್ತಿತ್ತು ಕನ" ಎಂದಳು. "ಡಬ್ಬ ತೊಳ್ದು ಕಳ್ಸಿದ್ದೆ. ತಿಂದಿದ್ರೆ ಹಂಗೇ ಕಳಿಸ್ತಿದ್ದೆ, ಇನ್ನೊಂದಪ ಕಳ್ಸವ್ವ ಅಂತಿದ್ದೆ. ನೀ ಕೇಳ್ನೇ ಇಲ್ಲ."

ಪರದೆಯ ತುದಿ ಗಾಳಿಗೆ ಎದ್ದಿತ್ತು. "ಅದ್ರ ಮ್ಯಾಲೆ ಒಂದು ಕಲ್ಲು ಇಡು, ನೊಣ ಒಳಕ್ಕೆ ಹೋದಾತು" ಎಂದಳು. ನಾವು ಎದ್ದು ಕಲ್ಲು ತಂದು ಇಟ್ಟೆವು.